ದೆವ್ವ ಹೇಳಿದ ಹೆಸರು

ದಾವಣಗೆರೆಯಲ್ಲಿ ಪ್ರತಿ ಗುರುವಾರ ತಪ್ಪದೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವ ಹೆಂಗಸು ಎಂದರೆ ಪುಷ್ಪಲತಾ ಒಬ್ಬಳೇ. ಕೆ.ಬಿ. ಬಡಾವಣೆಯ ಆ ಸಾಲಿನ ಅಂಗಡಿಯವರೆಲ್ಲ ಹಾಗೆಂದೇ ನಂಬಿದ್ದರು. ಪಕ್ಕದ ಬಳೆ ಅಂಗಡಿಯ ಅಮೀನಾಬೀ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ಏನ್ ಪುಷ್ಪಕ್ಕ, ಬಾಯಾಗ ಇನ್ನೂ ಹಲ್ಲು ಉಳ್ದಾವೋ, ಎಲ್ಲಾ ಆ ಡಾಕ್ಟ್ರಿಗೇ ಕೊಟ್ ಬಂದ್ಯೋ?"

ಪುಷ್ಪಲತಾ ಜೋರಾಗಿ ನಕ್ಕು, ಇರುವ ಹಲ್ಲನ್ನೆಲ್ಲ ತೋರಿಸಿ, ಅಂಗಡಿಯ ಶಟರ್ ಅರ್ಧ ಎಳೆದು ಆಟೊ ಹತ್ತಿದಳು.

ನಿಜಲಿಂಗಪ್ಪ ಬಡಾವಣೆಯ ಆ ಕಟ್ಟಡದಲ್ಲಿ ಹಲ್ಲಿನ ಆಸ್ಪತ್ರೆ ಇರುವುದೇನೋ ನಿಜ. ಆದರೆ ಅದು ಕೆಳಗೆ. ಅದರ ಪಕ್ಕದಲ್ಲೇ ಮೇಲಕ್ಕೆ ಹೋಗುವ ಮೆಟ್ಟಿಲು. ಮೇಲಿನ ಕೋಣೆಯಲ್ಲಿ ಅಂಕಿತಾ ಎಂಬ ಮನೋಚಿಕಿತ್ಸಕಿ ಕೂರುತ್ತಾಳೆ. ಪುಷ್ಪಲತಾ ಹೋಗುತ್ತಿದ್ದುದು ಅಲ್ಲಿಗೆ. ನಮ್ಮ ಜನವೇ ಹೀಗೆ. ಎದೆ ಕೊಯ್ಸಿಕೊಂಡು ಬಂದವರು ಮದುವೆ ಮನೆಯಲ್ಲಿ ಅಂಗಿ ಗುಂಡಿ ಬಿಚ್ಚಿ ಹೊಲಿಗೆ ತೋರಿಸುತ್ತಾರೆ, ಮೂಲವ್ಯಾಧಿಯ ಕಥೆಯನ್ನು ಪಂಕ್ತಿಯಲ್ಲಿ ಪಾಯಸ ಬಡಿಸುವಾಗಲೇ ಹೇಳುತ್ತಾರೆ. ಮನಸ್ಸಿಗೆ ಔಷಧಿ ಬೇಕಾದಾಗ ಮಾತ್ರ ಎಲ್ಲರಿಗೂ ಹಲ್ಲುನೋವು.

ಪುಷ್ಪಲತಾಳದ್ದು ಸೀರೆಗೆ ಫಾಲ್ ಹಚ್ಚುವ, ಸೆರಗಿಗೆ ಕುಚ್ಚು ಕಟ್ಟುವ ಅಂಗಡಿ. ಗಿರಾಕಿಗಳು ನಾಲ್ಕು ಜನ ಬಂದರೆ ಒಬ್ಬರು ಹೊರಗೆ ನಿಲ್ಲಬೇಕು, ಅಷ್ಟು ಅಗಲ. ಹುಟ್ಟಿದ್ದು ಹರಿಹರದಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ, ಹೊಲಿಗೆ ಕಲಿತು, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಬಸವಕಿರಣನ ಕೈಹಿಡಿದು ದಾವಣಗೆರೆಗೆ ಬಂದವಳು. ಮದುವೆ ಕಾಲದಲ್ಲಿ ಅವಳ ಅಂಗಡಿಯೆಂದರೆ ಬಣ್ಣದ ಸಂತೆ. ಒಂದೊಂದು ಸೆರಗಿಗೂ ಹೊಂದುವ ರೇಷ್ಮೆ ದಾರ ಆರಿಸಿ, ಮಣಿ ಪೋಣಿಸಿ, ಎಳೆಯೆಳೆ ಬಿಡಿಸಿ ಕುಚ್ಚು ಕಟ್ಟುತ್ತ, ಬಾಯಲ್ಲಿ ಮಾತ್ರ ಊರ ಸುದ್ದಿಯನ್ನೆಲ್ಲ ನಡೆಸುತ್ತಿದ್ದಳು. ಮಾತಿಗೆ ಎತ್ತಿದ ಕೈ. ಆದರೆ ಖುಷಿಯಾದ ಗಿರಾಕಿ ಯಾರಾದರೂ ಹೆಗಲ ಮೇಲೆ ಕೈಯಿಟ್ಟರೆ ಸಾಕು, ಮೈ ಕೊಡವಿಕೊಂಡು ದೂರ ಸರಿಯುತ್ತಿದ್ದಳು. ಕೆಲವರು ಅದನ್ನು ಸೊಕ್ಕು ಎಂದರು. ಮಲಗುವಾಗ ಅವಳಿಗೆ ದೀಪ ಉರಿಯುತ್ತಲೇ ಇರಬೇಕು. ಬಸವಕಿರಣ ಮೊದಮೊದಲು ಗೊಣಗಿದ, ಆಮೇಲೆ ತನ್ನ ಅಂಗಡಿಯಿಂದಲೇ ಕಣ್ಣಿಗೆ ಚುಚ್ಚದ ಸಣ್ಣ ಬಲ್ಬ್ ತಂದು ಹಾಕಿದ. ಯಾಕೆ ಎಂದು ಕೇಳಲಿಲ್ಲ. ಕೇಳದೆಯೂ ಒಳ್ಳೆಯವರಾಗಿರುವ ಗಂಡಸರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ.

ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಚಿನ್ನಿ. ಅವಳಿಗೆ ಒಂಬತ್ತು ತುಂಬಿದ ವರ್ಷ ಪುಷ್ಪಲತಾಳ ಬದುಕು ಹಳಿ ತಪ್ಪಿತು. ಒಂದು ಬೆಳಿಗ್ಗೆ ಶಾಲೆಗೆ ಹೊರಟ ಮಗಳಿಗೆ ಜಡೆ ಹಾಕುತ್ತಿದ್ದಳು. ಕೂದಲು ಎರಡು ಪಾಲು ಮಾಡಿದಾಗ ಮಗುವಿನ ಕುತ್ತಿಗೆಯ ಹಿಂಭಾಗ ಕಾಣಿಸಿತು. ಇಷ್ಟು ಸಣ್ಣ ಕುತ್ತಿಗೆ. ನಾನೂ ಆಗ ಇಷ್ಟೇ ಇದ್ದೆನಾ ಎಂದುಕೊಂಡಳು. ಎದೆ ಹಿಂಡಿದಂತಾಗಿ ಕುಸಿದು ಕೂತಳು. ಆಮೇಲೆ ಅದು ಮೇಲಿಂದ ಮೇಲೆ ಆಗತೊಡಗಿತು. ಬಸವಕಿರಣ ಹೃದಯದ ಡಾಕ್ಟರಿಗೆ ತೋರಿಸಿದ. ಇಸಿಜಿ, ಎಕೋ ಎಲ್ಲ ಆಯಿತು. ಹೃದಯ ಗುಂಡುಕಲ್ಲಿನ ಹಾಗಿದೆ ಎಂದ ಡಾಕ್ಟರು, ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿ, ಅಂಕಿತಾಳ ವಿಳಾಸ ಬರೆದುಕೊಟ್ಟರು.

ಅಂಕಿತಾಳನ್ನು ಕಂಡಾಗ ಪುಷ್ಪಲತಾಳಿಗೆ ನಗು ಬಂತು. ಮುಖ ನೋಡಿದರೆ ಈಗಷ್ಟೇ ಪಿಯುಸಿ ಪರೀಕ್ಷೆ ಬರೆದು ಬಂದ ಹುಡುಗಿ. ಈ ಕೂಸು ನನಗೇನು ಹೇಳೀತು, ಹತ್ತು ನಿಮಿಷ ಕೂತು ಎದ್ದು ಹೋದರಾಯಿತು ಎಂದುಕೊಂಡಳು.

"ಏನೂ ಹೇಳ್ಬೇಕಂತಿಲ್ಲ ರೀ, ಇವತ್ತು ಸುಮ್ನೆ ಕೂಡ್ರಿ," ಎಂದಳು ಅಂಕಿತಾ. "ಬಾಗಿಲು ಮುಚ್ಲೋ, ತೆರೆದಿರ್ಲೋ? ನಿಮ್ಗೆ ಹೆಂಗೆ ಬೇಕು?"

ಬಾಗಿಲು ಹೇಗಿರಬೇಕೆಂದು ಪುಷ್ಪಲತಾಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಲವತ್ತರ ಹೆಂಗಸು, ಮದುವಣಗಿತ್ತಿಯರ ಸೀರೆಗಳ ನಡುವೆ ನಕ್ಕುನಗಿಸಿಕೊಂಡಿದ್ದವಳು, ಅದೊಂದು ಮಾತಿಗೆ ಬಿಕ್ಕಿಬಿಕ್ಕಿ ಅತ್ತಳು. ಅಂಕಿತಾ ಸಮಾಧಾನ ಮಾಡಲು ಬರಲಿಲ್ಲ, ಹತ್ತಿರ ಬಂದು ಬೆನ್ನು ಸವರಲಿಲ್ಲ. ನೀರಿನ ಲೋಟವನ್ನು ಕೈಗೆಟಕುವಲ್ಲಿ ಇಟ್ಟು ಕಾಯುತ್ತ ಕೂತಳು. ಮುಂದಿನ ಗುರುವಾರ ಪುಷ್ಪಲತಾ ತಾನಾಗಿಯೇ ಬಂದಳು.

ತಿಂಗಳುಗಟ್ಟಲೆ ಅವರು ಹಳೆಯದರ ಸುದ್ದಿಗೇ ಹೋಗಲಿಲ್ಲ. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸುವುದು, ಕೋಣೆಯಲ್ಲಿ ಕಾಣುವ ವಸ್ತುಗಳ ಹೆಸರು ಹೇಳುವುದು, ಉಸಿರನ್ನು ನಿಧಾನವಾಗಿ ಬಿಡುವುದು. ಇದೆಂಥ ಚಿಕಿತ್ಸೆ ಎಂದು ಅವಳಿಗೂ ಅನಿಸಿತು. ಆದರೆ ಅವಳದೊಂದು ಹಳೆಯ ಕಾಯಿಲೆ ಇತ್ತು. ಹೆದರಿಕೆಯಾದಾಗ ಮೈ ಇಲ್ಲೇ ಇರುತ್ತಿತ್ತು, ಅವಳು ಮಾತ್ರ ಎಲ್ಲಿಗೋ ಹೋಗಿಬಿಡುತ್ತಿದ್ದಳು. ಕುಚ್ಚು ಕಟ್ಟುತ್ತಿದ್ದ ಬೆರಳು ನಿಂತುಬಿಟ್ಟು, ಗಿರಾಕಿ ಎರಡೆರಡು ಸಲ ಕರೆದರೂ ಕೇಳಿಸುತ್ತಿರಲಿಲ್ಲ. ಹಾಗೆ ಹೋದವಳು ತಿರುಗಿ ಬರಲು ದಾರಿ ಬೇಕಲ್ಲ. ಮೊದಲು ದಾರಿ ಮಾಡಿಕೊಳ್ಳೋಣ, ಆಮೇಲೆ ದೂರ ಹೋಗೋಣ ಎಂದಿದ್ದಳು ಅಂಕಿತಾ. ಅಂಗಡಿಯಲ್ಲಿ ಎದೆ ಹಿಂಡಿದಾಗ ಪುಷ್ಪಲತಾ ದಾರದ ಉಂಡೆಗಳತ್ತ ನೋಡಿ ಒಂದೊಂದೇ ಬಣ್ಣವನ್ನು ಬಾಯಿಬಿಟ್ಟು ಹೇಳತೊಡಗಿದಳು. ಗಿಳಿಹಸಿರು, ಅರಿಶಿನ, ಬದನೆ ಬಣ್ಣ. ಬದನೆ ಬಣ್ಣಕ್ಕೆ ಬರುವಷ್ಟರಲ್ಲಿ ಉಸಿರು ಸಲೀಸಾಗುತ್ತಿತ್ತು. ನಕ್ಕವರು ನಗಲಿ, ಅವಳಿಗೆ ಅದು ಆಗಿಬಂತು.

ಮಳೆಗಾಲ ಕಳೆದ ಮೇಲೆ ಒಂದು ಗುರುವಾರ ಅವಳು ಹೇಳಿದಳು.

ಹರಿಹರದ ಮನೆ. ಅಪ್ಪ ಉಚ್ಚಂಗೆಪ್ಪ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ಅವ್ವ ದ್ಯಾಮವ್ವ ತನ್ನ ತಮ್ಮ ಚೌಡೇಶನನ್ನು ಮನೆಯಲ್ಲಿ ಇಟ್ಟುಕೊಂಡಿದ್ದಳು. ತಂದೆತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳೇ ಅವಳು. ಲಗ್ನವಾಗಿ ಬರುವಾಗ ಜೊತೆಗೆ ಕರೆತಂದು, ಲೇತ್ ಯಂತ್ರದ ಕೆಲಸಕ್ಕೆ ಸೇರಿಸಿದ್ದಳು. ನಮ್ಮಲ್ಲಿ ಸೋದರಮಾವನೆಂದರೆ ಸಣ್ಣ ಮಾತೇ? ಹುಡುಗಿ ಇನ್ನೂ ತೊಟ್ಟಿಲಲ್ಲಿರುವಾಗಲೇ 'ಮಾವನ್ನೇ ಮದ್ವಿ ಆಗ್ತೀ ಏನೇ' ಎಂದು ಚೇಷ್ಟೆ ಮಾಡುತ್ತಾರೆ. ಆ ಮನೆಯಲ್ಲಿ ಒಂದು ವರ್ಷ ಮಗುವಿಗೆ ಆಗಬಾರದ್ದು ಆಯಿತು. ಅದನ್ನು ಬಿಡಿಸಿ ಹೇಳುವುದಿಲ್ಲ. ಪುಷ್ಪಿ ಮಾವನನ್ನು ಕಂಡು ಬಾಗಿಲ ಹಿಂದೆ ಅಡಗಿದರೆ, ನಾಚಿಕೊಂಡಳು ನೋಡು ಎಂದು ಮನೆಯವರೆಲ್ಲ ನಗುತ್ತಿದ್ದರು. ಆ ನಗೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಗು ಊಟ ಬಿಟ್ಟಿತು. ಸಂಜೆಯಾಗುತ್ತಲೇ ಚೀರುತ್ತಿತ್ತು, ಮೈ ಸೆಟೆದು ಬೀಳುತ್ತಿತ್ತು. ಗಾಳಿ ಸೋಕಿದೆ ಎಂದು ಓಣಿಯವರು ತೀರ್ಮಾನ ಕೊಟ್ಟರು. ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಕರೆದೊಯ್ಯುವುದೆಂದಾಯಿತು. ಅಲ್ಲಿನ ಕರಿಬಸವೇಶ್ವರನನ್ನು ಈ ಸೀಮೆಯವರೆಲ್ಲ ಅಜ್ಜಯ್ಯ ಎನ್ನುತ್ತಾರೆ. ಹೊಳೆಯಲ್ಲಿ ಮುಳುಗಿ, ಗದ್ದುಗೆಗೆ ಅಡ್ಡಬಿದ್ದು, ಹಗುರಾಗಿ ಮನೆಗೆ ಬಂದವರು ಎಷ್ಟೋ ಜನ. ಅಜ್ಜಯ್ಯನದು ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ತಪ್ಪು ಮಾಡಿದ್ದು ಮನೆಯವರು. ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆಯವರೆಗೆ ನಡೆದವನು ಚೌಡೇಶನೇ.

ಮುಳುಗಿಸಿ ಎಬ್ಬಿಸಿದ ಮೇಲೆ, ನೀರಲ್ಲೇ ನಿಲ್ಲಿಸಿಕೊಂಡು ಅಪ್ಪನ ಅವ್ವ, ಆ ಮನೆಯ ಹಿರಿಯಜ್ಜಿ, ಗದರಿಸಿ ಕೇಳಿದಳು. "ಯಾರು? ಯಾಕ ಕಾಡ್ತೀ ನಮ್ಮ ಕೂಸಿಗೆ? ಹೆಸ್ರು ಹೇಳು!"

ಕಾಡುತ್ತಿರುವುದು ಯಾರೆಂದು ಆ ಮಗುವನ್ನು ಕೇಳಿದ್ದು ಅದೇ ಮೊದಲು. ಅಂತೂ ಕೇಳಿದರಲ್ಲ ಎಂದು ಅದಕ್ಕೆ ಎಷ್ಟು ಸಮಾಧಾನವಾಯಿತೆಂದರೆ, ಒಂದೇ ಉಸಿರಿಗೆ ಹೇಳಿಬಿಟ್ಟಿತು.

"ಚೌಡೇಶಮಾಮ."

ಮೊದಲು ಬಾಯಿ ಬಿಟ್ಟವಳು ಅಜ್ಜಿಯೇ. "ಸುಳ್ಳು! ದೆವ್ವ ತನ್ ಖರೇ ಹೆಸ್ರು ಹೇಳಂಗಿಲ್ಲ. ಬದುಕಿದ್ದೋರ ಹೆಸ್ರು ಹೇಳಿ ಮನಿ ಮುರೀತೈತೆ ಅದು. ಇನ್ನೊಂದ್ಸಲ ಮುಳುಗಿಸ್ರಿ." ಟವೆಲ್ ಹಿಡಿದು ಹಿಂದೆ ನಿಂತಿದ್ದ ಚೌಡೇಶ ಗೊಳೋ ಎಂದು ಅತ್ತ. "ನೋಡಕ್ಕಾ, ನನ್ ಮ್ಯಾಲೇ ಹಾಕ್ತೈತೆ!"

ಆಗ ದ್ಯಾಮವ್ವ ಮಗಳ ಎರಡೂ ಕೆನ್ನೆ ಹಿಡಿದು ಮುಖವೆತ್ತಿದಳು. ಮಗು ಅವ್ವನ ಕಣ್ಣಲ್ಲಿ ತನ್ನನ್ನು ಹುಡುಕಿತು. ಅವ್ವ ನೋಡುತ್ತಿದ್ದುದು ಒಳಗಿನ ಬೇರೆ ಯಾರನ್ನೋ. "ಖರೇ ಹೇಳು, ನನ್ ಮಗಳನ್ನ ಬಿಟ್ ಹೋಗು," ಎಂದಳು. ಮತ್ತೆ ಮುಳುಗಿಸಿದರು. ಎದ್ದಾಗ ಮಗು ಮತ್ತೆ ಅದೇ ಹೆಸರು ಹೇಳಿತು. ಮತ್ತೆ ಮುಳುಗಿಸಿದರು. ಮೂಗಿಗೆ ಬಾಯಿಗೆ ನೀರು ತುಂಬಿ ಉಸಿರು ಸಿಕ್ಕದಾದಾಗ ಅದಕ್ಕೆ ಹೊಳೆದದ್ದು ಓಣಿಯ ನಿಂಗವ್ವ, ಹಿಂದಿನ ವರ್ಷ ಬಾವಿಗೆ ಬಿದ್ದು ಸತ್ತವಳು. ಆ ಹೆಸರು ಹೇಳಿತು.

ಹಾಂ, ಸಿಕ್ಕಿಬಿತ್ತು ಎಂದರು ಎಲ್ಲರೂ. ದ್ಯಾಮವ್ವ ಒದ್ದೆ ಮಗಳನ್ನು ಬಾಚಿ ತಬ್ಬಿಕೊಂಡಳು. "ಬಂದ್ಯಾ ನನ್ನವ್ವಾ, ಬಂದ್ಯಾ," ಎಂದು ಹಣೆಗೆ, ಕಣ್ಣಿಗೆ, ನೆತ್ತಿಗೆ ಮುತ್ತಿಟ್ಟಳು. ಹರಿಹರ ಮುಟ್ಟುವವರೆಗೆ ತನ್ನ ಸೆರಗಿನಲ್ಲೇ ಸುತ್ತಿಕೊಂಡು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅವ್ವ ಅಷ್ಟು ಗಟ್ಟಿಯಾಗಿ ಅದಕ್ಕೆ ಮೊದಲೂ ತಬ್ಬಿರಲಿಲ್ಲ, ಆಮೇಲೂ ತಬ್ಬಲಿಲ್ಲ. ಪುಷ್ಪಲತಾಳ ಬಾಳಿನ ಸಂಕಟವೆಲ್ಲ ಅಲ್ಲಿದೆ. ಅಂಥ ಅಪ್ಪುಗೆ ಸಿಕ್ಕಿದ್ದು ಒಂದೇ ಸಲ, ಅದೂ ಸುಳ್ಳು ಹೇಳಿದ್ದಕ್ಕೆ.

ಇನ್ನೊಂದು ಸಂಗತಿ ಇದೆ. ಆ ತಿಂಗಳು ಕಳೆಯುವುದರೊಳಗೆ ಚೌಡೇಶ ರಾಣೆಬೆನ್ನೂರಿನಲ್ಲಿ ಕೆಲಸ ಹುಡುಕಿಕೊಂಡು ಹೊರಟುಹೋದ. ಮಗು ಊಟ ಮಾಡತೊಡಗಿತು, ಚೀರುವುದು ನಿಂತಿತು. ನಿಂಗವ್ವ ಬಿಟ್ಟು ಹೋದಳು ಎಂದು ಮನೆಯವರು ಎಲ್ಲರ ಹತ್ತಿರ ಹೇಳಿಕೊಂಡರು. ಸತ್ತ ಬಡಪಾಯಿ ಹೆಂಗಸಿನ ಮೇಲೆ ಅಪವಾದ ಹೊರಿಸಿದ್ದೂ ಅಲ್ಲದೆ, ಅದಕ್ಕೆ ಪುರಾವೆಯೂ ಸಿಕ್ಕಿತು.

ಇದನ್ನೆಲ್ಲ ಕೇಳಿದ ಅಂಕಿತಾ ಒಂದೇ ಮಾತು ಹೇಳಿದಳು. "ನೀವು ಹೇಳಿದ್ರಿ. ಒಂಬತ್ತು ವರ್ಷದ ಕೂಸು, ಅಷ್ಟು ಜನರ ಮುಂದೆ, ಅವನ ಎದುರಿಗೇ ಎರಡು ಸಲ ಹೇಳಿದ್ರಿ."

ಚಳಿಗಾಲದುದ್ದಕ್ಕೂ ಅವರು ಆ ಹೊಳೆದಂಡೆಗೆ ಹೋದರು. ಹೋದರು ಎಂದರೆ ಕುರ್ಚಿಯ ಮೇಲೆ ಕೂತೇ. ಇದೂ ಚಿಕಿತ್ಸೆಯ ಒಂದು ಬಗೆ. ಈಗಿನ ಪುಷ್ಪಲತಾ, ಬುದ್ಧಿ ಬೆಳೆದ, ಕೈಕಾಲು ಗಟ್ಟಿಯಿರುವ ಪುಷ್ಪಲತಾ, ಮನಸ್ಸಿನಲ್ಲೇ ಆ ದಿನಕ್ಕೆ ಹೋಗಿ ಆ ಮಗುವಿನ ಪಕ್ಕ ನಿಲ್ಲಬೇಕು. ಆಗಿದ್ದನ್ನು ಅಳಿಸುವುದಕ್ಕಲ್ಲ, ಮಗು ಒಂಟಿಯಾಗಿ ಉಳಿಯಬಾರದೆಂದು.

"ಕೂಸು ಎಲ್ಲೈತಿ?" ಎಂದು ಅಂಕಿತಾ ಕೇಳುತ್ತಿದ್ದಳು.

"ನೀರಾಗ."

"ನೀವು?"

"ದಂಡಿ ಮ್ಯಾಲೆ."

"ಅದಕ್ಕೆ ಈಗ ಏನು ಬೇಕು ಅನ್ಸುತ್ತೆ?"

"ಅವ್ವ ಬೇಕು."

ಪ್ರತಿ ಸಲವೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಪುಷ್ಪಲತಾ ದಂಡೆ ಬಿಟ್ಟು ಇಳಿಯುತ್ತಿರಲಿಲ್ಲ. ಯಾಕೆಂದು ಅಂಕಿತಾ ಮೆಲ್ಲಗೆ ಕೇಳಿದಾಗ ಸೆರಗಿನ ತುದಿ ತಿರುಚುತ್ತ ಹೇಳಿದಳು. "ನಾ ಇಳಿದು ಹೋದ್ರೆ ಅವ್ವ ಬರೋದೇ ಇಲ್ಲ ಅಂತ ಆಗ್ತೈತಲ್ರೀ."

ಅವಳಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಪೊಲೀಸು ಬೇಡ, ಪಂಚಾಯಿತಿ ಬೇಡ. ಅವ್ವ ಒಮ್ಮೆ ತನ್ನ ಮುಖ ನೋಡಿ, 'ಅವತ್ತು ಮಾತಾಡಿದ್ದು ನೀನೇ' ಅನ್ನಬೇಕು. ಆ ಒಂದು ಮಾತಿಗೆ ಅವಳು ಮದುವೆಯಾಗಿ, ಮಗಳನ್ನು ಹೆತ್ತು, ಅಂಗಡಿ ಇಟ್ಟು, ನಕ್ಕು, ನಗಿಸಿ, ಇಷ್ಟು ವರ್ಷ ಕಾದಿದ್ದಳು. ಮಾತಾಡಿದರೆ ಎಲ್ಲಿ ಇಲ್ಲ ಎಂದುಬಿಡುತ್ತಾಳೋ ಎಂದು ಹಬ್ಬಹುಣ್ಣಿಮೆಗೆ ಹೋದಾಗಲೂ ಬಾಯಿ ಬಿಟ್ಟಿರಲಿಲ್ಲ. ಕೇಳದಿರುವ ತನಕ ಆಸೆ ಉಳಿದಿರುತ್ತದಲ್ಲ.

ಬೇಸಿಗೆ ರಜೆಯ ಹೊತ್ತಿಗೆ ದ್ಯಾಮವ್ವನ ಫೋನು ಬಂತು. "ಚಿನ್ನಿನ ಈ ಸಲನಾದ್ರೂ ಕಳ್ಸೇ. ಮೊಮ್ಮಗಳು ನನ್ ಮಗ್ಗುಲಾಗ ಮಲ್ಕೊಂಡು ಎಷ್ಟ್ ದಿನ ಆತು? ನಿಂಗೆ ಹೆತ್ತವ್ವ ಬ್ಯಾಡಾದ್ಲೇನು?"

ಉಚ್ಚಂಗೆಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅಜ್ಜಿಯೂ ಇರಲಿಲ್ಲ. ಆದರೆ ಹೆಂಡತಿ ಸತ್ತ ಮೇಲೆ ಚೌಡೇಶ ಅಕ್ಕನ ಮನೆಗೇ ಮರಳಿ, ಮುಂದಿನ ಪಡಸಾಲೆಯಲ್ಲಿ ಮಂಚ ಹಾಕಿಕೊಂಡಿದ್ದ. ಶಾಲೆ, ಜ್ವರ, ಡ್ಯಾನ್ಸ್ ಕ್ಲಾಸು ಎಂದು ಏನೇನೋ ನೆಪ ಹೇಳಿ ಪುಷ್ಪಲತಾ ಅವನು ಮರಳಿದಾಗಿನಿಂದ ಮಗಳನ್ನು ಅಲ್ಲಿ ಒಂದು ದಿನವೂ ಉಳಿಸದೆ ಕಾಪಾಡಿಕೊಂಡು ಬಂದಿದ್ದಳು. ನೆಪಗಳೂ ಒಂದು ದಿನ ಮುಗಿಯುತ್ತವೆ. ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದಳು.

ಹೋಗಿ ಎಂದೂ ಬೇಡ ಎಂದೂ ಅಂಕಿತಾ ಹೇಳಲಿಲ್ಲ. "ಅವ್ವ ನಂಬದಿದ್ರೆ ಆಗ ನಿಮ್ ಜೊತೆ ಯಾರಿರ್ತಾರೆ?" ಎಂದಷ್ಟೇ ಕೇಳಿದಳು. ಆ ಸಂಜೆ ಪುಷ್ಪಲತಾ ಗಂಡನಿಗೆ ಎಲ್ಲ ಹೇಳಿದಳು. ಬಸವಕಿರಣ ಮುಖ ಕೆಂಪಗೆ ಮಾಡಿಕೊಂಡು ಎದ್ದು ನಿಂತ, ಮತ್ತೆ ಕೂತ. ಕೊನೆಗೆ, "ನಾ ಒಳಗ್ ಬಂದ್ರೆ ಅವನಿಗೆ ಏನಾರ ಮಾಡ್ಬಿಡ್ತೀನಿ. ಹರಿಹರೇಶ್ವರನ ಗುಡಿ ಹತ್ರ ಗಾಡಿ ಹಾಕ್ಕೊಂಡು ನಿಂತಿರ್ತೀನಿ. ಎಷ್ಟೊತ್ತಾದ್ರೂ ಸರಿ," ಎಂದ.

ಅವಳು ಹೋದಾಗ ಮಧ್ಯಾಹ್ನದ ಹೊತ್ತು. ಪಡಸಾಲೆಯಲ್ಲಿ ಚೌಡೇಶ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಸಕ್ಕರೆ ಕಾಯಿಲೆಗೆ ಹೆಬ್ಬೆರಳು ಹೋಗಿತ್ತು. ದ್ಯಾಮವ್ವ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ತಮ್ಮನ ಗಾಯ ತೊಳೆದು, ಹತ್ತಿಯಿಂದ ಒತ್ತಿ ಒರೆಸಿ, ನೋಯದ ಹಾಗೆ ಬಾಯಿಂದ ಊದುತ್ತಿದ್ದಳು. ಪುಷ್ಪಲತಾ ಹೊಸ್ತಿಲಲ್ಲೇ ನಿಂತು ನೋಡಿದಳು. ಎಷ್ಟು ನಾಜೂಕಾದ ಕೈ ಅವ್ವನದು! ಅಸೂಯೆಯಿಂದ ಹೊಟ್ಟೆ ಉರಿಯಿತು. ಈ ವಯಸ್ಸಿಗೆ, ಅಂಥವನ ಹುಣ್ಣಿನ ಮೇಲೆ ಅಸೂಯೆ! ತನಗೇ ನಾಚಿಕೆಯಾಯಿತು.

"ಬಾರೇ ಪುಷ್ಪಿ, ಬಡವಾಗೀಯಲ್ಲ," ಎಂದ ಚೌಡೇಶ, ಕಣ್ಣಿಗೆ ಕಣ್ಣು ಕೊಡದೆ.

ಅವಳು ಉತ್ತರ ಕೊಡದೆ ಅಡಿಗೆಮನೆಗೆ ನಡೆದಳು. ದ್ಯಾಮವ್ವ ಕೈ ತೊಳೆದು ಬಂದು, ಮಗಳು ಬಂದಳೆಂಬ ಸಂಭ್ರಮದಲ್ಲಿ ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚತೊಡಗಿದಳು. ಚಿನ್ನಿ ಯಾಕೆ ಬರಲಿಲ್ಲ, ಸೊರಗಿದ್ದೀಯಲ್ಲ, ಅಂಗಡಿ ಹೇಗಿದೆ ಎಂದು ಒಂದೇ ಸಮನೆ ಮಾತು. ಪುಷ್ಪಲತಾ ಎರಡೂ ಪಾದಗಳನ್ನು ನೆಲಕ್ಕೆ ಊರಿ ನಿಂತಳು.

"ಅವ್ವಾ, ಉಕ್ಕಡಗಾತ್ರಿ ಹೊಳ್ಯಾಗ ಮೊದ್ಲು ಒಂದ್ ಹೆಸ್ರು ಬಂತಲ್ಲ, ನೆನಪೈತಾ?"

ಹೆಚ್ಚುತ್ತಿದ್ದ ಕೈ ನಿಂತಿತು. "ಅದ್ಯಾಕ ಈಗ? ಬಿಟ್ ಹೋದ ದೆವ್ವದ ಸುದ್ದಿ ತೆಗೀಬಾರ್ದು."

"ದೆವ್ವ ಅಲ್ಲವ್ವಾ. ನಾನು. ಮಾಮನ ಹೆಸ್ರು ಹೇಳಿದ್ದು ನಾನು. ನಿಂಗವ್ವನ ಹೆಸ್ರು ಸುಳ್ಳು. ನೀರು ಕುಡ್ದು ಸಾಯ್ತೀನಿ ಅಂತ ಹೆದ್ರಿ ಹೇಳಿದ್ ಸುಳ್ಳು." ಆಮೇಲೆ ಅವ್ವನಿಗೆ ಎಷ್ಟು ಹೇಳಬೇಕೋ ಅಷ್ಟನ್ನು, ತಗ್ಗಿದ ದನಿಯಲ್ಲಿ, ತಡವರಿಸದೆ ಹೇಳಿದಳು.

ದ್ಯಾಮವ್ವ ಈಳಿಗೆ ಮಣೆಯ ಮುಂದೆ ಕೂತೇ ಇದ್ದಳು. ಅವ್ವ ಈಗ ಮುಖವೆತ್ತುತ್ತಾಳೆ, ಈಗ ಎದ್ದು ಬರುತ್ತಾಳೆ ಎಂದು ಪುಷ್ಪಲತಾ ಕಾದಳು. ತಬ್ಬಿಕೊಳ್ಳಲು ಅನುಕೂಲವಾಗಲೆಂದೋ ಏನೋ, ಹೆಗಲ ಮೇಲಿನ ಬ್ಯಾಗನ್ನೂ ಕೆಳಗಿಟ್ಟಳು. 

"ದೆವ್ವನೇ ಅದು," ಎಂದಳು ದ್ಯಾಮವ್ವ. ಕೂಗಲಿಲ್ಲ, ಬೇಡಿಕೊಳ್ಳುವವಳ ಹಾಗೆ ಹೇಳಿದಳು. "ನೀನಾಗಿದ್ರೆ ನಾ ಸುಮ್ನಿರ್ತಿದ್ನೇನೇ? ಹೆತ್ ಕರುಳು ನಂದು. ಅವತ್ತೇ ಅವನ್ನ ಕಡಿದ್ ಹಾಕಿ ಜೈಲಿಗೆ ಹೋಗ್ತಿದ್ದೆ. ದೆವ್ವ ಆಗಿದ್ದಕ್ಕೇ ಅಲ್ಲೇನೇ ನಾ ಅವನಿಗೆ ಇಷ್ಟ್ ವರ್ಷ ಅನ್ನ ಹಾಕಿದ್ದು? ನೀ ಹಂಗ ಅನ್ನಬ್ಯಾಡ. ನೀನೇ ಅಂದ್ಬಿಟ್ರೆ ನಾ ಏನ್ ಮಾಡ್ಲಿ?"

ಪಡಸಾಲೆಯಿಂದ ಕೂಗು ಬಂತು. "ಅಕ್ಕಾ, ಗುಳಿಗಿ ತಗೋಬೇಕು, ನೀರು."

ದ್ಯಾಮವ್ವ ಮಗಳನ್ನೊಮ್ಮೆ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ಎದ್ದು, ಕೊಡದಿಂದ ಚೊಂಬಿಗೆ ನೀರು ಬಗ್ಗಿಸಿಕೊಂಡು, ತಮ್ಮನ ಹತ್ತಿರ ಹೋದಳು.

ಪುಷ್ಪಲತಾ ಬ್ಯಾಗೆತ್ತಿಕೊಂಡು ಹಿಂದೆಯೇ ಬಂದಳು. ಮಂಚದ ಮುಂದೆ ನಿಂತಳು. ಅವ್ವ ಚೊಂಬು ಹಿಡಿದು ಪಕ್ಕದಲ್ಲೇ ಇದ್ದಳು. "ಅವತ್ತು ಹೊಳ್ಯಾಗ ಅಷ್ಟ್ ಜನ ಇದ್ರು," ಎಂದಳು ಚೌಡೇಶನಿಗೆ. "ನನ್ ಮಾತು ನಂಬಿದೋನು ನೀನೊಬ್ನೇ. ಅದಕ್ಕೇ ರಾಣೆಬೆನ್ನೂರಿಗೆ ಓಡಿ ಹೋದಿ."

ಚೌಡೇಶ ಗಾಯದ ಕಾಲನ್ನೇ ನೋಡುತ್ತ ಕೂತ. ಈ ಸಲ ಇಲ್ಲ ಎನ್ನಲಿಲ್ಲ. ದ್ಯಾಮವ್ವ ಚೊಂಬು ಕೊಡುವುದನ್ನು ಮರೆತಿದ್ದಳು. ಅವಳು ತಮ್ಮನ ಮುಖವನ್ನೇ ನೋಡುತ್ತಿದ್ದಳು.

"ಚಿನ್ನಿ ಈ ಮನಿಗೆ ಬರಲ್ಲವ್ವಾ. ಅವಳನ್ನ ನೋಡ್ಬೇಕಂದ್ರೆ ದಾವಣಗೆರೆಗೆ ಬಾ. ಒಬ್ಳೇ ಬಾ."

ಅಂಗಳ ದಾಟುವಾಗ ಹಿಂದಿನಿಂದ ಅವ್ವನ ದನಿ ಕೇಳಿಸಿತು. "ಉಂಡಾದ್ರೂ ಹೋಗೇ ಪುಷ್ಪಿ." ಆ ದನಿಯಲ್ಲಿ ಬೇರೆ ಇನ್ನೇನೋ ಇತ್ತೆಂದು ಅವಳಿಗೆ ಅನಿಸಿತು, ಅನಿಸಲೇಬೇಕಿತ್ತು. ಕಾಲು ತಡೆಯಿತು. ತಿರುಗಿದರೆ ಮತ್ತೆ ಮಂಡಕ್ಕಿ ತಿಂದು, ಏನೂ ಆಗದವಳ ಹಾಗೆ ನಕ್ಕು ಬರಬೇಕಾಗುತ್ತದೆಂದು ಗೊತ್ತಿತ್ತು. ತಿರುಗಲಿಲ್ಲ.

ಗುಡಿಯ ಹತ್ತಿರ ಬಸವಕಿರಣ ಬಿಸಿಲಲ್ಲೇ ನಿಂತಿದ್ದ. ಏನಾಯಿತೆಂದು ಕೇಳದೆ ಗಾಡಿ ಚಾಲೂ ಮಾಡಿದ. ಊರು ದಾಟಿದ ಮೇಲೆ ಪುಷ್ಪಲತಾ ಅವನ ಬೆನ್ನಿಗೆ ಹಣೆಯಿಟ್ಟು, ಲಾ‌ರಿಗಳ ಸದ್ದಿನಲ್ಲಿ ಯಾರಿಗೂ ಕೇಳಿಸದೆಂಬ ಧೈರ್ಯದಲ್ಲಿ, ಅವ್ವ ಬೇಕು, ಅವ್ವ ಬೇಕು ಎಂದು ಚಿಕ್ಕ ಹುಡುಗಿಯ ಹಾಗೆ ಅತ್ತಳು. ಅವನಿಗೆ ಕೇಳಿಸಿತು. ಗಾಡಿಯನ್ನು ನಿಧಾನ ಮಾಡಿದ.

ದ್ಯಾಮವ್ವ ದಾವಣಗೆರೆಗೆ ಬರಲಿಲ್ಲ. ಫೋನು ಬಂದಾಗಲೆಲ್ಲ ಪುಷ್ಪಲತಾಳ ಕೈ ಮೊದಲು ಅದಕ್ಕೇ ಹೋಗುತ್ತಿತ್ತು. ಅತ್ತ ಕಡೆಯಿಂದ ಗಿರಾಕಿಗಳು ಕುಚ್ಚಿನ ಬಣ್ಣ ಕೇಳುತ್ತಿದ್ದರು.

ಒಂದು ಗುರುವಾರ ಅಂಕಿತಾಳ ಕೋಣೆಯಲ್ಲಿ ಅವಳು ತಾನಾಗಿಯೇ ಹೊಳೆದಂಡೆಗೆ ಹೋಗೋಣ ಎಂದಳು. ಕಣ್ಣು ಮುಚ್ಚಿದಳು. ಅಂಕಿತಾ ಏನೂ ಕೇಳಲಿಲ್ಲ. ಪುಷ್ಪಲತಾಳ ಪಾದಗಳು ನೆಲದ ಮೇಲೆ ಒಂದಿಷ್ಟು ಮುಂದೆ ಸರಿದವು. ಕೈಗಳು ಮಡಿಲಿನಿಂದ ಎದ್ದು, ಏನನ್ನೋ ಎತ್ತಿಕೊಂಡಂತೆ ಎದೆಗೆ ಬಂದು ಅಲ್ಲೇ ನಿಂತವು. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದಳು.

"ಹೋದ್ರಾ?" ಎಂದಳು ಅಂಕಿತಾ.

"ಹೋದೆ ರೀ. ನೀರಿಗಿಳಿದು ಎತ್ಕೊಂಡೆ. ಕೂಸಿನ ಮೈ ತಣ್ಣಗಾಗಿ ನಡುಗ್ತಿತ್ತು. ನೀ ಹೇಳಿದ್ದು ಖರೇ, ನಂಗೊತ್ತೈತೆ ಅಂದೆ. ಸೆರಗು ಹೊದಿಸ್ದೆ." ಮೂಗು ಒರೆಸಿಕೊಂಡಳು. "ಆದ್ರೂ ಅದು ಅವ್ವನ್ನೇ ಕೇಳ್ತೈತೆ ರೀ. ಅವ್ವ ಬೇಕು ಅಂತೈತೆ."

"ಅದಕ್ಕೆ ನೀವೇನಂದ್ರಿ?"

"ಅವ್ವ ಬರಲ್ಲ, ನಾ ಬಂದೀನಿ ಅಂದೆ. ಆಮೇಲೆ, ನಂಗೂ ಅವ್ವ ಬೇಕು ಅಂದೆ. ಇಬ್ರೂ ಅಳ್ತಾ ದಂಡಿಗೆ ಬಂದ್ವಿ."